ಮಾಮೂಲು, ಮಂಜೂರು, ಮಹಸೂಲು: ಅರಬ್ಬಿಯ ಎರಡನೇ ಮೆಟ್ಟಿಲು

ಅರಬ್ಬಿಯ 28 ಅಕ್ಷರ ಕಲಿತು, ಸ್ವರಚಿಹ್ನೆ ಹಾಕಿದ ಪಾಠಪುಸ್ತಕ ಒಂದೆರಡು ಮುಗಿಸಿದವರು ಮೊದಲ ಸಲ ದಿನಪತ್ರಿಕೆ ಬಿಡಿಸಿದಾಗ ತಬ್ಬಿಬ್ಬಾಗುತ್ತಾರೆ. ಅಲ್ಲಿ ಹ್ರಸ್ವ ಸ್ವರಗಳನ್ನು ಅಚ್ಚು ಹಾಕುವ ರೂಢಿಯೇ ಇಲ್ಲ. ಐನ್, ಲಾಮ್, ಮೀಮ್ ಎಂಬ ಮೂರಕ್ಷರ ಕಣ್ಣಿಗೆ ಬಿದ್ದರೆ ಅದು ಇಲ್ಮ್ (ಜ್ಞಾನ) ಇರಬಹುದು, ಅಲಮ್ (ಬಾವುಟ) ಇರಬಹುದು, ಅಲಿಮ (ತಿಳಿದನು) ಅಥವಾ ಅಲ್ಲಮ (ಕಲಿಸಿದನು) ಕೂಡ ಇರಬಹುದು. ನಮ್ಮ ಅಲ್ಲಮಪ್ರಭುವಿಗೂ ಇದಕ್ಕೂ ನಂಟು ಹುಡುಕಬೇಡಿ, ಕಿವಿಗೆ ಒಂದೇ ಥರ ಕೇಳಿಸುತ್ತದೆ ಅಷ್ಟೇ.

ಅರ್ಥ ಗೊತ್ತಿಲ್ಲದ ಪದವನ್ನೂ ಕನ್ನಡದಲ್ಲಿ ಸಲೀಸಾಗಿ ಓದಿಬಿಡುತ್ತೇವೆ. ಅರಬ್ಬಿಯಲ್ಲಿ ಪದ ಯಾವುದೆಂದು ಹೊಳೆದರೆ ಮಾತ್ರ ಓದು ಸಾಗುತ್ತದೆ. ಹಾಗೆ ಹೊಳೆಯುವುದಕ್ಕೆ ಬೇಕಾದ್ದು ಅಚ್ಚುಗಳ ಪರಿಚಯ. ಅರಬ್ಬಿ ವೈಯಾಕರಣರು ಈ ಅಚ್ಚಿಗೆ 'ವಜ್ನ್' ಎನ್ನುತ್ತಾರೆ, ಅಂದರೆ ತೂಕ. ನಮ್ಮ ಅಂಗಡಿಯ ವಜನು ಇದೇ. ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತು, ಅದನ್ನು ಸುರಿಯಲು ಒಂದು ಅಚ್ಚು.

ಕನ್ನಡಿಗರ ನಾಲಿಗೆಯಲ್ಲಿ ಈ ಅಚ್ಚುಗಳು ಆಗಲೇ ಕೂತಿವೆ. ಮಾಮೂಲು, ಮಂಜೂರು, ಮಹಸೂಲು, ಮಜಬೂತು: ನಾಲ್ಕೂ ಪಾರ್ಸಿ ದಫ್ತರಗಳ ದಾರಿ ಹಿಡಿದು ಬಂದ ಅರಬ್ಬಿ ಪದಗಳು. ಮೊದಲು 'ಮ', ಕೊನೆಯ ವ್ಯಂಜನಕ್ಕೆ ಮುಂಚೆ 'ಊ'ಕಾರ. ಇದು ಮಫ್‌ಊಲ್ ಎಂಬ ಅಚ್ಚು, ಕರ್ಮಣಿ ಕೃದಂತ. ಮೂಲದಲ್ಲಿ ಮಾಮೂಲು ಎಂದರೆ 'ಮಾಡಲ್ಪಟ್ಟದ್ದು' (ಅಮಲ್ದಾರನ ಅಮಲೇ ಇದರ ಧಾತು), ಮಂಜೂರು ಎಂದರೆ 'ನೋಡಲ್ಪಟ್ಟದ್ದು' (ನಜರು), ಮಜಬೂತು ಎಂದರೆ 'ಹಿಡಿತದಲ್ಲಿಟ್ಟದ್ದು' (ಜಪ್ತಿ). ಕಚೇರಿಯಲ್ಲಿ ಮಾಮೂಲು ಎಷ್ಟೆಂದು ಕೇಳುವವನು ಗೊತ್ತಿಲ್ಲದೆಯೇ ಅರಬ್ಬಿ ವ್ಯಾಕರಣ ಪ್ರಯೋಗಿಸುತ್ತಿರುತ್ತಾನೆ! ಮಹಸೂಲಿನ ಧಾತು ಇನ್ನೂ ಸೊಗಸು. ಅದೇ ಧಾತುವನ್ನು ಕರ್ತರಿ ಅಚ್ಚಿಗೆ ಹಾಕಿದರೆ ಹಾಸಿಲು, ಭಾವನಾಮದ ಒಂದು ಅಚ್ಚಿಗೆ ಹಾಕಿದರೆ ತಹಸೀಲು.

ಆದರೆ ಈ ಬಂಡವಾಳದಲ್ಲಿ ಖೋಟಾ ನಾಣ್ಯಗಳೂ ಇವೆ. ತಕರಾರು ಅರಬ್ಬಿಯಲ್ಲಿ 'ಪುನರಾವರ್ತನೆ'. ಗರೀಬ್ ಎಂದರೆ 'ವಿಚಿತ್ರ, ಪರಕೀಯ'. ವಸೂಲು ಎಂದರೆ 'ಆಗಮನ'. ಕೊಲ್ಲಿಯ ವಿಮಾನ ನಿಲ್ದಾಣದಲ್ಲಿ ಆಗಮನದ ಫಲಕದ ಮೇಲಿರುವುದು ಅದೇ ಪದ, ಅಲ್ಲಿ ಯಾರೂ ಸಾಲ ಕೇಳುವುದಿಲ್ಲ. ಅರ್ಥಕ್ಕಿಂತ ದೊಡ್ಡ ಹಳ್ಳ ಕಾಗುಣಿತದ್ದು. ಜವಾಬು, ವಜನು, ನಜರು, ಮಜಬೂತು, ಮಜಕೂರು ಈ ಐದರಲ್ಲೂ ನಾವು ಬರೆಯುವುದು ಒಂದೇ ಜಕಾರ. ಅರಬ್ಬಿಯಲ್ಲಿ ಅವು ಕ್ರಮವಾಗಿ ಜೀಮ್, ಜಾಯ್, ಜಾ, ದಾದ್, ಜಾಲ್ ಎಂಬ ಐದು ಬೇರೆ ಅಕ್ಷರಗಳು. ಅಕ್ಷರ ತಪ್ಪಿದರೆ ಧಾತು ತಪ್ಪುತ್ತದೆ, ನಿಘಂಟಿನಲ್ಲಿ ಪದ ಸಿಗುವುದಿಲ್ಲ. ಆದ್ದರಿಂದ ಹೊಸ ಪದವನ್ನು ಕನ್ನಡ ಲಿಪಿಯಲ್ಲಿ ಗುರುತು ಹಾಕಿಕೊಳ್ಳುವ ಅಭ್ಯಾಸವನ್ನು ಈ ಹಂತದಲ್ಲಿ ಬಿಡಲೇಬೇಕು.

ನಿಘಂಟಿನ ಮಾತು ಬಂತು. 1952ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದು, ಆಮೇಲೆ ಇಂಗ್ಲಿಷಿಗೂ ಹೋದ ಹಾನ್ಸ್ ವೇರ್ ನಿಘಂಟು ಧಾತುವಿನ ಅಕಾರಾದಿಯಲ್ಲಿದೆ. ಪದದ ಹೆಚ್ಚುವರಿ ಅಕ್ಷರಗಳನ್ನು ಸುಲಿದು ಧಾತು ಕಂಡುಕೊಂಡೇ ಅದನ್ನು ತೆರೆಯಬೇಕು. ಮುಸ್ತಶ್ಫಾ (ಆಸ್ಪತ್ರೆ) ಎಂಬಲ್ಲಿ 'ಮುಸ್ತ' ತೆಗೆದರೆ ಶಿಫಾದ, ಅಂದರೆ ಗುಣವಾಗುವುದರ ಧಾತು ಸಿಗುತ್ತದೆ. ಕಲಿಯುವವರು ಎಡವುವುದು 'ಇತ್ತಿ'ಯಿಂದ ಶುರುವಾಗುವ ಪದಗಳಲ್ಲಿ. ಇತ್ತಿಸಾಲ್ (ಸಂಪರ್ಕ, ಫೋನ್ ಕರೆ) ಎಂಬುದನ್ನು 'ತ'ಕಾರದಲ್ಲಿ ಹುಡುಕಿ ಸುಸ್ತಾಗುತ್ತಾರೆ. ಅಲ್ಲಿ ಧಾತುವಿನ ಮೊದಲ ಅಕ್ಷರ ವಾವ್ (ವಕಾರ) ಅಚ್ಚಿನ ತಕಾರದಲ್ಲಿ ಕರಗಿ ತಕಾರ ದ್ವಿತ್ವವಾಗಿದೆ. ವಾವ್ ಮರಳಿಸಿದರೆ ನಮ್ಮ ವಸೂಲಿನ ಧಾತುವೇ ಎದುರಾಗುತ್ತದೆ. ವಿಮಾನದ ಮೇಲಿನ ಇತ್ತಿಹಾದ್ (ಒಕ್ಕೂಟ) ಕೂಡ ಹೀಗೆಯೇ ವಾಹಿದ್, ಅಂದರೆ 'ಒಂದು' ಎಂಬುದರ ಬಳಗ.

ಕ್ರಿಯಾಪದದ ಅಚ್ಚುಗಳು ಹತ್ತು. ಬಣ್ಣ ಮತ್ತು ಅಂಗದೋಷಗಳಿಗೆ ಮೀಸಲಾದ ಒಂಬತ್ತನೆಯದನ್ನು ಸದ್ಯಕ್ಕೆ ಬದಿಗಿಡಿ. ಕನ್ನಡದಲ್ಲಿ 'ಇಸು' ಸೇರಿಸಿ ಕಲಿ, ಕಲಿಸು ಎನ್ನುವ ಹಾಗೆ ಅಲ್ಲಿ ಅಲ್ಲಮ ಕಲಿಸಿದನು, ತಅಲ್ಲಮ ಕಲಿತನು, ಅಅ್‌ಲಮ ತಿಳಿಸಿದನು, ಇಸ್ತಅ್‌ಲಮ ವಿಚಾರಿಸಿದನು.

ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆ ಅರಬ್ಬಿಗೆ ಇಟ್ಟಿರುವ ಅಂದಾಜು 2200 ತರಗತಿ ಗಂಟೆ. ದಿನಕ್ಕೊಂದು ಗಂಟೆಯಾದರೆ ಆರು ವರ್ಷ! ಆ ಗಂಟೆಯನ್ನು ಹೀಗೆ ಬಳಸಿ: ಧ್ವನಿಯೂ ಜೊತೆಗಿರುವ 150 ಪದಗಳ ಸುದ್ದಿ ಆರಿಸಿ, ಗೊತ್ತಿಲ್ಲದ ಪದ ಏಳೆಂಟಕ್ಕಿಂತ ಹೆಚ್ಚಿದ್ದರೆ ಬೇರೆಯದು ನೋಡಿ. ನಿಘಂಟು ಮುಚ್ಚಿಟ್ಟು ಅನುಮಾನ ಬಂದ ಕಡೆ ಮಾತ್ರ ಪೆನ್ಸಿಲಿನಲ್ಲಿ ಸ್ವರಚಿಹ್ನೆ ಹಾಕಿ. ಪದದ ಕೊನೆಯ ವಿಭಕ್ತಿ ಸ್ವರಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಒಳಗಿನ ಸ್ವರ ಸರಿಯಿದ್ದರೆ ಸಾಕು. ಆಮೇಲೆ ಧ್ವನಿ ಕೇಳಿ ತಿದ್ದಿ. ಎರಡು ದಿನ ಬಿಟ್ಟು ಚಿಹ್ನೆಯಿಲ್ಲದ ಪ್ರತಿಯನ್ನು ಗಟ್ಟಿಯಾಗಿ ಓದಿ. ಇದನ್ನು ಬಿಟ್ಟು ಸ್ವರ ಹಾಕಿದ ಪಠ್ಯಕ್ಕೇ ಅಂಟಿಕೊಂಡರೆ ವರ್ಷ ಕಳೆದರೂ ಕಣ್ಣು ಪಳಗುವುದಿಲ್ಲ.

ಪುಸ್ತಕದಲ್ಲಿ ಧಾತು, ಅಚ್ಚು, ಅರ್ಥ ಎಂದು ಮೂರು ಕಾಲಂ ಹಾಕಿಕೊಂಡರೆ ಆಡುಮಾತಿಗೆ ನಾಲ್ಕನೆಯದು ಬೇಕು. ಗ್ರಾಂಥಿಕದಲ್ಲಿ 'ನನಗೆ ಬೇಕು' ಎನ್ನಲು ಉರೀದು. ಈಜಿಪ್ಟಿನ ಗಂಡಸು ಆಯಿಜ್ ಎನ್ನುತ್ತಾನೆ, ಸಿರಿಯಾದಲ್ಲಿ ಬಿದ್ದಿ, ಕೊಲ್ಲಿಯಲ್ಲಿ ಅಬೀ. ದುಬೈ, ಕುವೈತ್‌ಗೆ ಹೊರಟವರು ಕೊಲ್ಲಿಯ ಮಾತೊಂದನ್ನೇ ಹಿಡಿಯುವುದು ಒಳ್ಳೆಯದು. ಅಲ್ಲಿ ಗಂಟಲಾಳದ ಕಾಫ್ (ق) ಅಕ್ಷರ ಬಹುಮಟ್ಟಿಗೆ ಗಕಾರವಾಗುತ್ತದೆ: ಓದುವುದು ಕಹ್ವಾ, ಹೋಟೆಲಿನಲ್ಲಿ ಕೇಳಿಸುವುದು ಗಹ್ವಾ.