ಪದ ಪರಿಚಯ: ಫ್ಲಿಪ್ಡ್ ಕ್ಲಾಸ್‌ರೂಮ್

ಹೊಸ ಪಾಠದ ಮೊದಲ ವಿವರಣೆಯನ್ನು ಮಕ್ಕಳು ಮನೆಯಲ್ಲೇ ನೋಡಿಕೊಂಡೋ ಓದಿಕೊಂಡೋ ಬರುತ್ತಾರೆ. ಲೆಕ್ಕ ಬಿಡಿಸುವುದು, ಪ್ರಯೋಗ, ಚರ್ಚೆ, ಹೀಗೆ ಅವರು ತಡವರಿಸುವ ಕೆಲಸವೆಲ್ಲ ತರಗತಿಯಲ್ಲಿ ಶಿಕ್ಷಕರ ಕಣ್ಣೆದುರು ನಡೆಯುತ್ತದೆ. ಇದೇ ಫ್ಲಿಪ್ಡ್ ಕ್ಲಾಸ್‌ರೂಮ್. ಅಮೆರಿಕದ ಕೊಲರಾಡೋದ ವುಡ್‌ಲ್ಯಾಂಡ್ ಪಾರ್ಕ್ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್, ತರಗತಿ ತಪ್ಪಿದ ಮಕ್ಕಳಿಗಾಗಿ 2007ರಲ್ಲಿ ಪಾಠ ರೆಕಾರ್ಡ್ ಮಾಡತೊಡಗಿದ ಮೇಲೆ ಈ ಪದ್ಧತಿ ಶಾಲೆಗಳಲ್ಲಿ ಹೆಸರಾಯಿತು. ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ಎರಿಕ್ ಮಜೂರ್ 1990ರ ದಶಕದಲ್ಲೇ ವಿದ್ಯಾರ್ಥಿಗಳಿಗೆ ಮೊದಲೇ ಓದಿಸಿ, ಕ್ಲಾಸಿನಲ್ಲಿ ಪ್ರಶ್ನೆ ಕೊಟ್ಟು, ಪಕ್ಕದವರೊಡನೆ ವಾದಿಸಲು ಬಿಡುತ್ತಿದ್ದರು. ವಿಡಿಯೋ ಇಲ್ಲದೆಯೂ ಇದು ನಡೆಯುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಕುಮಟಾ ಅಥವಾ ಅಂಕೋಲೆಯ ಹೈಸ್ಕೂಲಿನಲ್ಲಿ ಮಿಶ್ರಣಗಳನ್ನು ಬೇರ್ಪಡಿಸುವ ಪಾಠ ಎಂದಿಟ್ಟುಕೊಳ್ಳಿ. ಹಿಂದಿನ ಸಂಜೆಯ ಕೆಲಸ: ಆವೀಕರಣ (ನೀರು ಆವಿಯಾಗುವುದು), ಸ್ಫಟಿಕೀಕರಣ (ಹರಳುಗಟ್ಟುವುದು) ಎಂದರೇನು ಎಂದು ತಿಳಿಸುವ ಐದಾರು ನಿಮಿಷದ ವಿಡಿಯೋ, ನೋಟ್‌ಬುಕ್ಕಿನಲ್ಲಿ ಬರೆದು ತರಬೇಕಾದ ಮೂರು ಪ್ರಶ್ನೆ. ಮೂರನೆಯದು ಯಾವಾಗಲೂ ‘ನಿಮಗೆ ಅರ್ಥವಾಗದ್ದು ಯಾವುದು?’ ಎಂದೇ ಇರಲಿ. ಮಾರನೆಯ ದಿನ 40 ನಿಮಿಷದ ಪೀರಿಯಡ್ಡಿನಲ್ಲಿ ಮೊದಲ ಐದು ನಿಮಿಷ ಆ ಉತ್ತರಗಳ ಮೇಲೆ ಕಣ್ಣಾಡಿಸಿ. ಆಮೇಲೆ ನಾಲ್ಕು ನಾಲ್ಕು ಮಕ್ಕಳ ಗುಂಪಿಗೆ ಒಂದು ಪ್ರಶ್ನೆ: ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರದಲ್ಲಿ (ಕಡಲ ನೀರನ್ನು ಒಣಗಿಸಿ ಉಪ್ಪು ತೆಗೆಯುವ ಗದ್ದೆಯಲ್ಲಿ) ನೀರು ಪೂರ್ತಿ ಒಣಗುವ ಮುಂಚೆಯೇ ಉಪ್ಪನ್ನು ಏಕೆ ಎಳೆದು ತೆಗೆಯುತ್ತಾರೆ?

ಉತ್ತರಕ್ಕೆ ಹೊರಟರೆ ಇಡೀ ಪಾಠ ಕೈಗೆ ಬರುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ನೀರು ಆವಿಯಾಗುತ್ತಾ ಬಂದಂತೆ ಮೊದಲು ಸುಣ್ಣದ ಅಂಶ, ಬಳಿಕ ಜಿಪ್ಸಂ ತಳಕ್ಕಿಳಿಯುತ್ತವೆ. ಮೂಲ ಪ್ರಮಾಣದ ಹತ್ತನೇ ಒಂದು ಭಾಗ ಉಳಿಯುವ ಹೊತ್ತಿಗೆ ಅಡುಗೆ ಉಪ್ಪು ಹರಳುಗಟ್ಟುತ್ತದೆ. ಕೊನೆಯ ನೀರಿನಲ್ಲಿ ಉಳಿಯುವುದು ಹೆಚ್ಚಾಗಿ ಮೆಗ್ನೀಸಿಯಂ ಲವಣ. ಅದೂ ಸೇರಿದರೆ ಉಪ್ಪು ಕಹಿಯಾಗಿ, ಗಾಳಿಯ ತೇವ ಹೀರಿ ಪಸೆಗಟ್ಟುತ್ತದೆ. ಒಂದು ಗುಂಪು ‘ಎಲ್ಲಾ ಉಪ್ಪೂ ಒಟ್ಟಿಗೇ ಬರುತ್ತದಲ್ಲ?’ ಎಂದು ಪಟ್ಟು ಹಿಡಿದಾಗ ಶಿಕ್ಷಕರು ಪಕ್ಕದಲ್ಲಿರಬೇಕು. ಆ ತಪ್ಪು ತಿಳಿವಳಿಕೆ ಮನೆಯ ಹೋಂವರ್ಕಿನಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಪದ್ಧತಿಯ ಬೆಲೆ ಇರುವುದು ಇಲ್ಲೇ.

ಕೆಡುವುದು ಹೆಚ್ಚಾಗಿ ಒಂದೇ ಕಡೆ. ನಾಲ್ಕು ಮಕ್ಕಳು ನೋಡದೆ ಬಂದರೆಂದು ಶಿಕ್ಷಕರು ಪಾಠವನ್ನು ಮೊದಲಿನಿಂದ ಹೇಳಿಬಿಡುತ್ತಾರೆ. ಮುಂದಿನ ವಾರ ಯಾರೂ ನೋಡಿ ಬರುವುದಿಲ್ಲ. ಕ್ಲಾಸಿನಲ್ಲಿ ಹೇಗೂ ಹೇಳುತ್ತಾರಲ್ಲ! ನೋಡದವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಅದೇ ವಿಡಿಯೋ ತೋರಿಸಿ, ಮುಗಿದ ಮೇಲೆ ಗುಂಪಿಗೆ ಸೇರಿಸಿ. ಅರ್ಧ ಗಂಟೆಯ ರೆಕಾರ್ಡಿಂಗ್ ಕಳಿಸುವುದೂ ಬೇಡ, ಅಷ್ಟು ಹೊತ್ತು ಮಕ್ಕಳು ಕೂರುವುದಿಲ್ಲ.

ಜೋಯಿಡಾ, ಯಲ್ಲಾಪುರದ ಒಳಹಳ್ಳಿಗಳಲ್ಲಿ ಸಿಗ್ನಲ್ ಸಿಗುವುದೇ ಕಷ್ಟ, ಶಿರಸಿಯ ಸುತ್ತ ಮಳೆಗಾಲದಲ್ಲಿ ಕರೆಂಟೂ ಕೈಕೊಡುತ್ತದೆ. ಮನೆಯ ಒಂದೇ ಮೊಬೈಲ್ ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ. ಅಂಥಲ್ಲಿ ವಿಡಿಯೋಗೆ ಕಟ್ಟುಬಿದ್ದು ಮಗುವನ್ನು ಹಿಂದೆ ಬಿಡುವುದು ಅನ್ಯಾಯ. ಅದೇ ವಿಷಯವನ್ನು ಚಿತ್ರ ಸಮೇತ ಒಂದು ಹಾಳೆಯಲ್ಲಿ ಜೆರಾಕ್ಸ್ ಮಾಡಿ ಹಿಂದಿನ ದಿನವೇ ಕೊಟ್ಟರಾಯಿತು. ಪ್ರಶ್ನೆಗಳು ಮಾತ್ರ ಎಲ್ಲರಿಗೂ ಅವೇ ಮೂರು.