ಬರೀ ಮಾತಾಡಿಸಿ ಮಾನಸಿಕ ಕಾಯಿಲೆ ಅಂತ ಹೇಗೆ ಹೇಳುತ್ತಾರೆ?

ಪ್ರಶ್ನೆ: ಸಕ್ಕರೆ ಕಾಯಿಲೆಗೆ ರಕ್ತ ನೋಡುತ್ತಾರೆ, ಮೂಳೆ ಮುರಿದರೆ ಎಕ್ಸ್-ರೇ ತೆಗೆಯುತ್ತಾರೆ. ಮನೋವೈದ್ಯರು ಮಾತ್ರ ಅರ್ಧ ಗಂಟೆ ಮಾತಾಡಿಸಿ ಕಾಯಿಲೆಯ ಹೆಸರು ಹೇಳಿಬಿಡುತ್ತಾರೆ. ಇದು ಊಹೆ ಅಲ್ವಾ? ನಂಬುವುದು ಹೇಗೆ?

ಉತ್ತರ: ನಿಮ್ಮ ಮಾತಿನಲ್ಲಿ ನಿಜವಿದೆ. ಖಿನ್ನತೆ, ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ಧ್ವನಿ ಕಾಡುವ ಕಾಯಿಲೆ), ಬೈಪೋಲಾರ್ (ಉನ್ಮಾದ, ಖಿನ್ನತೆ ಬಂದುಹೋಗುವ ಕಾಯಿಲೆ), ಒಸಿಡಿ (ಗೀಳು ಕಾಯಿಲೆ), ಇವ್ಯಾವುದನ್ನೂ ಇದೆ ಅಥವಾ ಇಲ್ಲ ಎಂದು ತೀರ್ಮಾನಿಸುವ ರಕ್ತ ಪರೀಕ್ಷೆ ಇವತ್ತಿಗೂ ಇಲ್ಲ. ಯಾರಾದರೂ ಮಿದುಳಿನ ಬಣ್ಣಬಣ್ಣದ ಸ್ಕ್ಯಾನ್ ತೋರಿಸಿ "ನೋಡಿ, ನಿಮ್ಮ ಖಿನ್ನತೆ ಇಲ್ಲೇ ಇದೆ" ಅಂದರೆ ಸ್ವಲ್ಪ ಹುಷಾರಾಗಿರಿ.

ಆದರೆ ಪರೀಕ್ಷೆ ಇಲ್ಲದ ಮಾತ್ರಕ್ಕೆ ಅದು ಊಹೆ ಆಗುವುದಿಲ್ಲ. ಮೈಗ್ರೇನ್ ನೋಡಿ. ಅದಕ್ಕೂ ರಕ್ತ ಪರೀಕ್ಷೆ ಇಲ್ಲ. ನೋವು ಎಷ್ಟು ಸಲ ಬಂತು, ಎಷ್ಟು ಗಂಟೆ ಇತ್ತು, ತಲೆಯ ಒಂದೇ ಕಡೆಯಾ, ಬೆಳಕು ಕಂಡರೆ ಆಗುವುದಿಲ್ಲವಾ ಎಂದು ಕೇಳಿಯೇ ನರರೋಗ ತಜ್ಞರು ಹೆಸರು ಹೇಳುತ್ತಾರೆ. ಅದನ್ನು ಊಹೆ ಅಂತ ಯಾರೂ ಅನ್ನುವುದಿಲ್ಲ.

ಆ ಅರ್ಧ ಗಂಟೆಯಲ್ಲಿ ನಡೆಯುವುದೇನು? ನೋಡುವವರಿಗೆ ಸುಮ್ನೆ ಮಾತುಕತೆ ಅನ್ನಿಸುತ್ತದೆ. ಆದರೆ ಎದುರಿಗೆ ಕುಳಿತವರು ಕೇಳುತ್ತಲೇ ಒಂದು ತಪಾಸಣೆ ಮಾಡುತ್ತಿರುತ್ತಾರೆ. ಬಂದವರ ಉಡುಪು, ಮಾತಿನ ವೇಗ, ಮುಖದ ಭಾವ, ಯೋಚನೆ ಒಂದಕ್ಕೊಂದು ಕೂಡುತ್ತಿದೆಯಾ, ಇಲ್ಲದ ಧ್ವನಿ ಕೇಳಿಸುತ್ತಿದೆಯಾ, ದಿನ ಮತ್ತು ಜಾಗದ ಅರಿವು ಇದೆಯಾ, ತನಗೆ ಏನೋ ಆಗಿದೆ ಎಂಬುದು ಅವರಿಗೆ ಗೊತ್ತಿದೆಯಾ, ಎಲ್ಲವನ್ನೂ ಗಮನಿಸುತ್ತಾರೆ. ಯಾವಾಗ ಶುರುವಾಯಿತು, ಹಿಂದೆ ಬಂದಿತ್ತಾ, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ ಎಂದೂ ಕೇಳುತ್ತಾರೆ. ಸಾಧ್ಯವಾದರೆ ಹತ್ತಿರದವರನ್ನೂ ಮಾತಾಡಿಸುತ್ತಾರೆ. ಕಾಯಿಲೆ ಇದ್ದವರಿಗೆ ಕಾಣದ್ದು ಜೊತೆಗಿರುವವರಿಗೆ ಕಂಡಿರುತ್ತದೆ.

ರಕ್ತ ಪರೀಕ್ಷೆಯೂ ನಡೆಯುತ್ತದೆ, ಆದರೆ ಉಲ್ಟಾ ಕಾರಣಕ್ಕೆ. ಥೈರಾಯ್ಡ್ ಕಡಿಮೆಯಾದರೆ ಖಿನ್ನತೆಯಂತೆಯೇ ಕಾಣಬಹುದು. ವಿಟಮಿನ್ ಬಿ12 ಕೊರತೆ, ಕೆಲವು ಔಷಧಿ, ಕುಡಿತ, ಮಾದಕ ವಸ್ತುಗಳೂ ಮನಸ್ಸನ್ನು ಕೆಡಿಸುತ್ತವೆ. ಇವು ಇಲ್ಲ ಎಂದು ಖಚಿತವಾದ ಮೇಲೆಯೇ ಮನೋರೋಗದ ಹೆಸರು ಬರಬೇಕು.

ಬೇಜಾರು ಎಲ್ಲರಿಗೂ ಆಗುತ್ತದೆ, ಹಾಗಾದರೆ ಗೆರೆ ಎಲ್ಲಿ? ಅಮೆರಿಕದ ಮನೋವೈದ್ಯರ ಸಂಘ ಡಿಎಸ್‌ಎಂ ಎಂಬ ಕೈಪಿಡಿ ಹೊರತರುತ್ತದೆ. ಅದರ ಪ್ರಕಾರ ಖಿನ್ನತೆ ಅನ್ನಬೇಕಾದರೆ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು ಇರಬೇಕು. ಅವು ಎರಡು ವಾರವಾದರೂ, ಹೆಚ್ಚು ಕಡಿಮೆ ದಿನಾ ಇರಬೇಕು. ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಈ ಎರಡರಲ್ಲಿ ಒಂದು ಇರಲೇಬೇಕು. ಅದರಿಂದ ಸಂಕಟವಾಗುತ್ತಿರಬೇಕು ಅಥವಾ ಕೆಲಸ, ಸಂಬಂಧ, ದಿನಚರಿ ಕೆಡುತ್ತಿರಬೇಕು.

ಈ ನಿಯಮದಲ್ಲಿ ಒಂದು ತಮಾಷೆ ಇದೆ. ಲೆಕ್ಕ ಹಾಕಿದರೆ ಇದನ್ನು ಪೂರೈಸಲು 227 ಬೇರೆ ಬೇರೆ ಜೋಡಣೆಗಳಿವೆ. ಒಬ್ಬರಿಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ಇನ್ನೊಬ್ಬರು ಇಡೀ ದಿನ ಮಲಗುತ್ತಾರೆ, ಜಾಸ್ತಿ ತಿನ್ನುತ್ತಾರೆ. ಇಬ್ಬರಿಗೂ ಒಂದೇ ಹೆಸರು! ಇದು ಕೈಪಿಡಿಯ ನಿಜವಾದ ದೌರ್ಬಲ್ಯ ಅಂತ ನನಗನ್ನಿಸುತ್ತದೆ. ಈ ಕ್ಷೇತ್ರದೊಳಗೇ ಇದನ್ನು ಹೇಳುವವರು ತುಂಬ ಜನ ಇದ್ದಾರೆ.

ಇನ್ನು ಪ್ರಶ್ನಾವಳಿಗಳು. ಪಿಎಚ್‌ಕ್ಯೂ-9 ಎಂಬ, ಖಿನ್ನತೆ ಅಳೆಯುವ ಪ್ರಶ್ನಾವಳಿಯಲ್ಲಿ ಒಂಬತ್ತೇ ಪ್ರಶ್ನೆ, ಅಂಕ 0ರಿಂದ 27. 10 ಅಥವಾ ಹೆಚ್ಚು ಬಂದರೆ ಸರಿಯಾಗಿ ನೋಡಿಸಿಕೊಳ್ಳಿ ಎಂದರ್ಥ, ಖಿನ್ನತೆ ಖಚಿತ ಎಂದಲ್ಲ. ಮೊಬೈಲಿನಲ್ಲಿ ಅದನ್ನು ತುಂಬಿ ತಾವೇ ತೀರ್ಪು ಕೊಟ್ಟುಕೊಳ್ಳುವವರು ಈ ವ್ಯತ್ಯಾಸ ಗಮನಿಸುವುದಿಲ್ಲ. ಎಂಎಂಪಿಐ ಇನ್ನೊಂದು, ವ್ಯಕ್ತಿತ್ವ ಮತ್ತು ಮಾನಸಿಕ ತೊಂದರೆ ಅಳೆಯುವುದು. 1943ರಲ್ಲಿ ಬಂತು. 1989ರ ಆವೃತ್ತಿಯಲ್ಲಿ 567 ಹೇಳಿಕೆಗಳಿವೆ, ಒಂದೊಂದಕ್ಕೂ ಸರಿ ಅಥವಾ ತಪ್ಪು ಅನ್ನಬೇಕು. ಉತ್ತರಿಸುವವರು ತಮ್ಮನ್ನು ತೀರಾ ಒಳ್ಳೆಯವರಂತೆ ತೋರಿಸಿಕೊಳ್ಳುತ್ತಿದ್ದಾರಾ ಎಂದು ಹಿಡಿಯುವ ಹೇಳಿಕೆಗಳೂ ಅದರಲ್ಲೇ ಸೇರಿವೆ. ಜೀವನದಲ್ಲಿ ಒಂದು ಸಲವೂ ಸಿಟ್ಟು ಬಂದಿಲ್ಲ ಎನ್ನುವವರನ್ನು ಎಷ್ಟು ನಂಬೋದು, ಅಲ್ವಾ? ಸಿನಿಮಾದವರಿಗೆ ಇಷ್ಟವಾದ ರೋರ್ಷಾಕ್ ಮಸಿ ಚಿತ್ರಗಳು (ಮಸಿ ಕಲೆ ತೋರಿಸಿ ಏನು ಕಾಣುತ್ತದೆ ಎಂದು ಕೇಳುವುದು) 1921ರವು. ಅದೊಂದರ ಮೇಲೆ ನಿಂತ ಡಯಾಗ್ನೋಸಿಸ್ ಅನ್ನು ನಾನಂತೂ ನಂಬುವುದಿಲ್ಲ.

ಈಗ ನಿಮ್ಮ ಪ್ರಶ್ನೆಯ ಗಟ್ಟಿ ಭಾಗಕ್ಕೆ ಬರೋಣ. ಇಷ್ಟು ವರ್ಷವಾದರೂ ಪರೀಕ್ಷೆ ಯಾಕೆ ಸಿಕ್ಕಿಲ್ಲ? ಒಂದು ಕಾಯಿಲೆಗೆ ಸಿಕ್ಕಿತ್ತು. ಆಮೇಲೆ ಆ ಕಾಯಿಲೆ ಮಾನಸಿಕ ಕಾಯಿಲೆಗಳ ಪಟ್ಟಿಯಿಂದಲೇ ಹೊರಟುಹೋಯಿತು.

19ನೇ ಶತಮಾನದ ಯೂರೋಪಿನ ಹುಚ್ಚಾಸ್ಪತ್ರೆಗಳಲ್ಲಿ ಒಂದು ಬಗೆಯ ರೋಗಿಗಳು ತುಂಬಿದ್ದರು. ತಾನೇ ಚಕ್ರವರ್ತಿ, ತನ್ನ ಬಳಿ ಕೋಟಿಗಟ್ಟಲೆ ಹಣವಿದೆ ಎನ್ನುತ್ತಿದ್ದರು. ಆಮೇಲೆ ಮರೆವು, ತೊದಲು, ಕೈಕಾಲು ಸ್ವಾಧೀನ ತಪ್ಪುವುದು. ಕೆಲವೇ ವರ್ಷಗಳಲ್ಲಿ ಸಾವು. 1822ರಲ್ಲಿ ಫ್ರಾನ್ಸಿನ ವೈದ್ಯ ಆಂಟ್ವಾನ್ ಬೇಲ್ ಇದೊಂದು ಬೇರೆಯೇ ಕಾಯಿಲೆ ಎಂದು ವಿವರಿಸಿದ. ಕಾರಣ ಮಾತ್ರ ಗೊತ್ತಿರಲಿಲ್ಲ. ಕುಡಿತ, ಕೆಟ್ಟ ನಡತೆ, ವಿಪರೀತ ಕೆಲಸ ಎಂದೆಲ್ಲ ಹೇಳುತ್ತಿದ್ದರು. ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಮೇಲೆ ಅನುಮಾನವಿತ್ತು. 1897ರಲ್ಲಿ ಮನೋವೈದ್ಯ ಕ್ರಾಫ್ಟ್-ಎಬಿಂಗ್ ಒಂದು ಪ್ರಯೋಗದ ವರದಿ ಮಂಡಿಸಿದ. ಇಂಥ ರೋಗಿಗಳ ಮೈಗೆ ಸಿಫಿಲಿಸ್ ಹುಣ್ಣಿನ ದ್ರವ ಚುಚ್ಚಿದರೂ ಹೊಸ ಹುಣ್ಣು ಏಳಲಿಲ್ಲ. ಅಂದರೆ ಅವರಿಗೆ ಮೊದಲೇ ಆ ಸೋಂಕು ತಗುಲಿತ್ತು. (ಇವತ್ತು ಇಂಥ ಪ್ರಯೋಗಕ್ಕೆ ಯಾವ ಸಮಿತಿಯೂ ಒಪ್ಪಿಗೆ ಕೊಡುವುದಿಲ್ಲ, ಕೊಡಲೂ ಬಾರದು.) 1906ರಲ್ಲಿ ಸಿಫಿಲಿಸ್ ಪತ್ತೆಹಚ್ಚುವ ವಾಸರ್ಮನ್ ರಕ್ತ ಪರೀಕ್ಷೆ ಬಂತು. 1913ರಲ್ಲಿ ನೊಗುಚಿ ಮತ್ತು ಮೂರ್ ಎಂಬ ಸಂಶೋಧಕರು ಸತ್ತ ರೋಗಿಗಳ ಮಿದುಳಿನಲ್ಲಿ ಸಿಫಿಲಿಸ್ ರೋಗಾಣುವನ್ನೇ ಕಂಡರು. ಮುಂದೆ ಪೆನ್ಸಿಲಿನ್ ಬಂದ ಮೇಲೆ ಈ ರೋಗ ಅಪರೂಪವಾಯಿತು. ಈಗ ಇದನ್ನು ಯಾರೂ ಮಾನಸಿಕ ಕಾಯಿಲೆ ಅನ್ನುವುದಿಲ್ಲ, ಮಿದುಳಿನ ಸೋಂಕು ಅನ್ನುತ್ತಾರೆ.

2007ರಲ್ಲಿ ಇಂಥದ್ದೇ ಇನ್ನೊಂದು ನಡೆಯಿತು. ಇದ್ದಕ್ಕಿದ್ದಂತೆ ಭ್ರಮೆಗೆ ಬೀಳುತ್ತಿದ್ದ ಕೆಲವರ ದೇಹ ತನ್ನದೇ ಮಿದುಳಿನ ಎನ್‌ಎಂಡಿಎ ಗ್ರಾಹಕಗಳ (ನರಕೋಶಗಳು ಸಂದೇಶ ಪಡೆಯುವ ಭಾಗಗಳ) ಮೇಲೆ ದಾಳಿ ಮಾಡುತ್ತಿದೆ ಎಂದು ನರರೋಗ ತಜ್ಞ ಹೋಸೆಪ್ ಡಾಲ್ಮೌ ಮತ್ತು ಅವರ ತಂಡ ತೋರಿಸಿತು. ಅದನ್ನು ಬೆನ್ನುಹುರಿಯ ದ್ರವ ಪರೀಕ್ಷಿಸಿ ಹಿಡಿಯಬಹುದು. ಈಗ ಅದೂ ನರರೋಗದ ವಿಭಾಗದಲ್ಲಿದೆ. ಹೀಗೆ ಕಾರಣ ಖಚಿತವಾದವು ಬೇರೆ ವಿಭಾಗಕ್ಕೆ ಹೋಗುತ್ತವೆ, ಆಗದವು ಮನೋವೈದ್ಯರ ಬಳಿ ಉಳಿಯುತ್ತವೆ. ಅವರ ಪಟ್ಟಿಯಲ್ಲಿ ಪರೀಕ್ಷೆ ಇಲ್ಲದ ಕಾಯಿಲೆಗಳೇ ತುಂಬಿರಲು ಇದೂ ಒಂದು ಕಾರಣ.

ಉಳಿದವುಗಳ ವಿಷಯದಲ್ಲಿ ವೈದ್ಯರಾದರೂ ಒಂದೇ ಮಾತು ಹೇಳುತ್ತಾರಾ? ಬಹಳ ಕಾಲ ಹೇಳುತ್ತಿರಲಿಲ್ಲ. 1960ರ ದಶಕದಲ್ಲಿ ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಸ್ಕಿಜೋಫ್ರೇನಿಯಾ ಲಂಡನ್ನಿಗಿಂತ ತುಂಬ ಜಾಸ್ತಿ ಕಾಣುತ್ತಿತ್ತು. ನಿಜಕ್ಕೂ ಅಲ್ಲಿ ಕಾಯಿಲೆ ಹೆಚ್ಚಾ? ಒಂದೇ ತಂಡ ಎರಡೂ ಊರಿನ ರೋಗಿಗಳನ್ನು ಒಂದೇ ಬಗೆಯ ಪ್ರಶ್ನೆ ಕೇಳಿ ಪರೀಕ್ಷಿಸಿತು. ವ್ಯತ್ಯಾಸ ಬಹುಪಾಲು ಮಾಯವಾಯಿತು. ರೋಗಿಗಳಲ್ಲಿ ಅಂಥಾ ವ್ಯತ್ಯಾಸವೇ ಇರಲಿಲ್ಲ, ವೈದ್ಯರು ಹೆಸರಿಡುವ ರೂಢಿ ಬೇರೆ ಇತ್ತು. ಆ ವರದಿ 1972ರಲ್ಲಿ ಪ್ರಕಟವಾಯಿತು.

1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ರೋಸೆನ್‌ಹಾನ್ ಇನ್ನೊಂದು ಬಾಂಬ್ ಹಾಕಿದ. ಎಂಟು ಜನ ಆರೋಗ್ಯವಂತರು ಧ್ವನಿ ಕೇಳಿಸುತ್ತದೆ ಎಂದು ಸುಳ್ಳು ಹೇಳಿ 12 ಆಸ್ಪತ್ರೆಗಳಿಗೆ ದಾಖಲಾದರು, ಸಿಬ್ಬಂದಿಯಲ್ಲಿ ಯಾರೂ ಕಂಡುಹಿಡಿಯಲಿಲ್ಲ ಎಂದು ಬರೆದ. ಇದನ್ನು ಇವತ್ತಿಗೂ ಎಲ್ಲೆಡೆ ಉಲ್ಲೇಖಿಸುತ್ತಾರೆ. ಆದರೆ 2019ರಲ್ಲಿ ಪತ್ರಕರ್ತೆ ಸುಸಾನಾ ಕಹಲನ್ ಹಳೆಯ ದಾಖಲೆ ಕೆದಕಿದಾಗ ವರದಿಗೂ ದಾಖಲೆಗೂ ತಾಳೆಯಾಗಲಿಲ್ಲ. ಆ ಎಂಟರಲ್ಲಿ ಹೆಚ್ಚಿನವರು ಯಾರೆಂದೇ ಪತ್ತೆಯಾಗಲಿಲ್ಲ. ಹಾಗಾಗಿ ನನ್ನ ಮಟ್ಟಿಗೆ ನ್ಯೂಯಾರ್ಕ್–ಲಂಡನ್ ಅಧ್ಯಯನವೇ ಹೆಚ್ಚು ತೂಕದ್ದು.

ಈ ಗೊಂದಲಕ್ಕೆ ಉತ್ತರವಾಗಿ 1980ರಲ್ಲಿ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ ಮುಂದಾಳತ್ವದಲ್ಲಿ ಡಿಎಸ್‌ಎಂನ ಮೂರನೇ ಆವೃತ್ತಿ ಬಂತು. ಎಷ್ಟು ಲಕ್ಷಣ, ಎಷ್ಟು ದಿನ ಎಂದು ಎಣಿಸುವ ಕ್ರಮ ಅಲ್ಲಿಂದ ಗಟ್ಟಿಯಾಯಿತು. ಇಬ್ಬರು ವೈದ್ಯರು ಎಷ್ಟು ಒಪ್ಪುತ್ತಾರೆ ಎಂದು ಅಳೆಯಲು ಕಪ್ಪಾ ಎಂಬ ಅಂಕಿ ಇದೆ. 1 ಬಂದರೆ ಪೂರ್ತಿ ಒಮ್ಮತ, 0 ಬಂದರೆ ಬರೀ ಆಕಸ್ಮಿಕ. 2013ರ ಐದನೇ ಆವೃತ್ತಿಗಾಗಿ ನಡೆದ ಪ್ರಯೋಗದಲ್ಲಿ ಆಘಾತದ ನಂತರ ಬರುವ ಪಿಟಿಎಸ್‌ಡಿಗೆ 0.67 ಬಂತು. ಸ್ಕಿಜೋಫ್ರೇನಿಯಾಗೆ 0.46, ಖಿನ್ನತೆಗೆ ಬರೀ 0.28. ಆ ವೈದ್ಯರು ತಮ್ಮ ಎಂದಿನ ರೀತಿಯಲ್ಲೇ ಮಾತಾಡಿಸಿದ್ದರು. ಪ್ರಶ್ನೆಗಳನ್ನು ಮೊದಲೇ ಕಟ್ಟುನಿಟ್ಟಾಗಿ ಗೊತ್ತುಮಾಡಿಕೊಂಡರೆ ಒಮ್ಮತ ಹೆಚ್ಚುತ್ತದೆ. ಆದರೂ 0.28 ಕಡಿಮೆಯೇ. ಇಲ್ಲಿ ನಿಮ್ಮ ಅನುಮಾನಕ್ಕೆ ಪೂರ್ತಿ ಆಧಾರವಿದೆ.

ಹಾಗಂತ ಎಲ್ಲರೂ ಒಪ್ಪಿದ ಮಾತ್ರಕ್ಕೆ ಅದು ನಿಜವೂ ಅಲ್ಲ. 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಗುಲಾಮರು ಯಜಮಾನರಿಂದ ಓಡಿಹೋಗುವುದೇ ಒಂದು ರೋಗ ಎಂದು ಅದಕ್ಕೊಂದು ಹೆಸರನ್ನೂ ಇಟ್ಟಿದ್ದ. ಸಲಿಂಗಕಾಮ 1973ರವರೆಗೂ ಡಿಎಸ್‌ಎಂನಲ್ಲಿ ಕಾಯಿಲೆಯಾಗಿತ್ತು. ಸಮಾಜಕ್ಕೆ ಹಿಡಿಸದ್ದೆಲ್ಲ ರೋಗ ಎನ್ನುವ ಚಟ ಈ ಕ್ಷೇತ್ರದ ಹಳೆಯ ಕಳಂಕ.

ಹಾಗಾದರೆ ಒಂದು ಹೆಸರಿನ ಹಿಂದೆ ನಿಜವಾದ ಕಾಯಿಲೆ ಇದೆ ಎಂದು ತಿಳಿಯುವುದು ಹೇಗೆ? 1970ರಲ್ಲಿ ಅಮೆರಿಕದ ಮನೋವೈದ್ಯರಾದ ರಾಬಿನ್ಸ್ ಮತ್ತು ಗೂಝೆ ಕೆಲವು ಒರೆಗಲ್ಲು ಹೇಳಿದರು. ಆ ಹೆಸರು ಪಡೆದವರ ಮುಂದಿನ ವರ್ಷಗಳು ಒಂದೇ ದಾರಿ ಹಿಡಿಯುತ್ತವಾ? ಕುಟುಂಬದಲ್ಲಿ ಅದೇ ಕಾಯಿಲೆ ಮತ್ತೆ ಕಾಣುತ್ತದಾ? ಬೇರೆ ಕಾಯಿಲೆಗಳಿಂದ ಅದನ್ನು ಬಿಡಿಸಿ ನೋಡಬಹುದಾ?

ಕುಟುಂಬದ ಪ್ರಶ್ನೆ ಸುಲಭದ್ದಲ್ಲ. ತಾಯಿಗೂ ಮಗುವಿಗೂ ಕಾಯಿಲೆ ಇದ್ದರೆ ಅದು ರಕ್ತದಿಂದ ಬಂತಾ, ಬೆಳೆಸಿದ ರೀತಿಯಿಂದ ಬಂತಾ? 1940ರ ದಶಕದ ಕೊನೆಯಿಂದ ಸ್ಕಿಜೋಫ್ರೇನಿಯಾಗೆ ತಾಯಿಯ ವರ್ತನೆಯೇ ಕಾರಣ ಎಂಬ ವಾದ ಜೋರಾಗಿತ್ತು. ಎಷ್ಟು ತಾಯಂದಿರು ಅದನ್ನು ನಂಬಿ ಕೊರಗಿದರೋ! 1966ರಲ್ಲಿ ಅಮೆರಿಕದ ಮನೋವೈದ್ಯ ಲಿಯೊನಾರ್ಡ್ ಹೆಸ್ಟನ್ ಒಂದು ಜಾಣ ದಾರಿ ಹುಡುಕಿದ. ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಗೆ ಹುಟ್ಟಿ, ಹುಟ್ಟಿದ ಕೆಲವೇ ದಿನಕ್ಕೆ ಬೇರೆಯಾಗಿ ಬೇರೆಡೆ ಬೆಳೆದ 47 ಜನರನ್ನು ಪತ್ತೆಹಚ್ಚಿದ. ಅವರಲ್ಲಿ 5 ಜನರಿಗೆ ಆ ಕಾಯಿಲೆ ಬಂದಿತ್ತು. ಕಾಯಿಲೆ ಇಲ್ಲದ ತಾಯಂದಿರಿಗೆ ಹುಟ್ಟಿ ಹಾಗೇ ಬೇರೆಡೆ ಬೆಳೆದ 50 ಜನರಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಆ ಮಕ್ಕಳನ್ನು ಹೆತ್ತ ತಾಯಿ ಬೆಳೆಸಿಯೇ ಇರಲಿಲ್ಲ, ಆದರೂ ಕಾಯಿಲೆ ಬಂತು. ಇದನ್ನು ಓದುವವರು 47ರಲ್ಲಿ ಉಳಿದ 42 ಎಂಬ ಅಂಕಿಯನ್ನೂ ನೋಡಬೇಕು. ಅಷ್ಟು ಜನರಿಗೆ ಸ್ಕಿಜೋಫ್ರೇನಿಯಾ ಬರಲೇ ಇಲ್ಲ.

ಸ್ಕ್ಯಾನ್ ಬಗ್ಗೆಯೂ ಎರಡು ಮಾತು. ಖಿನ್ನತೆ ಇರುವ ನೂರಾರು ಜನರನ್ನು ಇಲ್ಲದವರ ಜೊತೆ ಹೋಲಿಸಿದರೆ ಮಿದುಳಿನ ಹಿಪೊಕ್ಯಾಂಪಸ್ (ನೆನಪಿಗೆ ಸಂಬಂಧಿಸಿದ ಭಾಗ) ಸರಾಸರಿಯಲ್ಲಿ ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ. ಆದರೆ ಎರಡೂ ಗುಂಪಿನ ಅಳತೆಗಳು ಒಂದರ ಮೇಲೊಂದು ಬೀಳುತ್ತವೆ. ಹಾಗಾಗಿ ಒಬ್ಬ ವ್ಯಕ್ತಿಯ ಸ್ಕ್ಯಾನ್ ನೋಡಿ ಅವರು ಯಾವ ಗುಂಪಿನವರೆಂದು ಹೇಳಲಾಗದು. ಸಂಶೋಧನೆಗೆ ಉಪಯೋಗವಾಗುವುದೆಲ್ಲ ಕ್ಲಿನಿಕ್ಕಿಗೆ ಉಪಯೋಗವಾಗುವುದಿಲ್ಲ.

ನಂಬುವುದು ಹೇಗೆ ಎಂದಿರಿ. ವೈದ್ಯರನ್ನೇ ಕೇಳಿ: ಯಾವ ಲಕ್ಷಣ ನೋಡಿ ಈ ಹೆಸರು ಹೇಳಿದಿರಿ, ಬೇರೆ ಏನಿರಬಹುದು, ಯಾವುದನ್ನು ಪರೀಕ್ಷಿಸಿ ಬಿಟ್ಟಿದ್ದೀರಿ? ಒಳ್ಳೆಯವರು ಸಿಟ್ಟಾಗುವುದಿಲ್ಲ. ಹೆಸರು ಮುಂದೆ ಬದಲಾದರೂ ಗಾಬರಿ ಬೇಡ. ಮೊದಲು ಬರೀ ಖಿನ್ನತೆ ಅಂದುಕೊಂಡದ್ದು, ಉನ್ಮಾದದ ಹಂತ ಬಂದ ಮೇಲೆ ಬೈಪೋಲಾರ್ ಎಂದು ಗೊತ್ತಾಗುವುದು ಉಂಟು, ಆಗ ಔಷಧಿಯೂ ಬದಲಾಗುತ್ತದೆ. ಒಂದು ಸಂದರ್ಭದಲ್ಲಿ ಮಾತ್ರ ಕಾಯಬೇಡಿ. ಭ್ರಮೆ ಅಥವಾ ಗೊಂದಲ ಇದ್ದಕ್ಕಿದ್ದಂತೆ ಶುರುವಾಗಿ, ಜೊತೆಗೆ ಜ್ವರ, ಫಿಟ್ಸ್ ಅಥವಾ ಎಚ್ಚರ ತಪ್ಪುವುದು ಇದ್ದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ಅಲ್ಲಿ ಮೊದಲು ದೇಹದ ಕಾರಣ ಹುಡುಕಬೇಕು.