ಮಗು ಯಾವಾಗ ಮಗುಚಿತು ಎನ್ನುವುದಕ್ಕಿಂತ ಹೇಗೆ ಮಗುಚಿತು ಎಂದು ನೋಡಿ

‘ಪಕ್ಕದ ಮನೆಯ ಕೂಸು ನಾಲ್ಕು ತಿಂಗಳಿಗೇ ಮಗುಚಿತು, ನಮ್ಮದಿನ್ನೂ ಇಲ್ಲ’ ಎಂಬ ಆತಂಕ ಕ್ಲಿನಿಕ್ಕಿನಲ್ಲಿ ದಿನವೂ ಕೇಳಿಬರುತ್ತದೆ. ಇಂಥ ಬೆಳವಣಿಗೆಯ ಹಂತಗಳ ಅವಧಿ ನಾವು ಅಂದುಕೊಂಡದ್ದಕ್ಕಿಂತ ವಿಶಾಲ. ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸರೆಯಿಲ್ಲದೆ ಕೂರುವ ವಯಸ್ಸು ಸುಮಾರು 4ರಿಂದ 9 ತಿಂಗಳು, ತಾನಾಗಿ ನಡೆಯುವ ವಯಸ್ಸು 8ರಿಂದ ಹದಿನೇಳೂವರೆ ತಿಂಗಳು. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನಡೆದವು.

ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೆ ಬೇರೆ ಲೆಕ್ಕ. 32 ವಾರಕ್ಕೆ ಹುಟ್ಟಿದ್ದರೆ, ಪೂರ್ಣ ಅವಧಿಯ 40 ವಾರಕ್ಕೆ ಕಡಿಮೆ ಬಿದ್ದ ಎಂಟು ವಾರವನ್ನು ವಯಸ್ಸಿನಿಂದ ಕಳೆಯಿರಿ. ಆರು ತಿಂಗಳ ಆ ಕೂಸನ್ನು ನಾಲ್ಕು ತಿಂಗಳ ಕೂಸೆಂದೇ ಎಣಿಸಬೇಕು.

ಕತ್ತು ನಿಲ್ಲುವುದಕ್ಕೂ ಮಗುಚುವುದಕ್ಕೂ ಬೇಕಾದ ಬಲ ಬರುವುದು ನೆಲದ ಮೇಲೆ. ಜೋಲಿಯಲ್ಲಿ, ತೋಳಿನಲ್ಲಿ ದಿನವೆಲ್ಲ ಕಳೆದರೆ ಆ ಅಭ್ಯಾಸಕ್ಕೆ ಹೊತ್ತೇ ಸಿಗದು. ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದಲೇ, ಎಚ್ಚರವಿರುವಾಗ ದಿನಕ್ಕೆ ಎರಡು ಮೂರು ಸಲ, ಮೂರರಿಂದ ಐದು ನಿಮಿಷ ಬೋರಲು ಮಲಗಿಸಿ. ಎರಡು ತಿಂಗಳ ಹೊತ್ತಿಗೆ ದಿನಕ್ಕೆ ಒಟ್ಟು ಅರ್ಧ ಗಂಟೆ ಆಗಲಿ. ಚಾಪೆಯ ಮೇಲೆ ಕೌದಿ ಹಾಸಿದರೆ ಸಾಕು. ಮೆತ್ತನೆಯ ಹಾಸಿಗೆಯಲ್ಲಿ ಮೊಣಕೈ ಹೂತುಹೋಗಿ ಮಗುವಿಗೆ ಒತ್ತಿ ಏಳಲು ಆಗುವುದಿಲ್ಲ, ಉಸಿರು ಕಟ್ಟುವ ಅಪಾಯವೂ ಇದೆ. ಅತ್ತುಬಿಟ್ಟರೆ ಕಾರಣ ಹುಡುಕಿ: ಕೈ ಎದೆಯ ಅಡಿ ಸಿಕ್ಕಿಕೊಂಡಿರಬಹುದು, ಹಾಲು ಕುಡಿದು ಅರ್ಧ ಗಂಟೆಯೂ ಆಗಿರದೆ ಇರಬಹುದು. ಟವೆಲ್ ಸುರುಳಿ ಸುತ್ತಿ ಕಂಕುಳ ಕೆಳಗಿಟ್ಟು, ತೋಳು ಮುಂದಕ್ಕೆ ತಂದು, ನೀವೂ ಎದುರಿಗೆ ನೆಲದ ಮೇಲೆ ಮಲಗಿ ಮುಖ ತೋರಿಸಿ. ಒಪ್ಪದಿದ್ದರೆ ನಿಮ್ಮ ಎದೆಯ ಮೇಲೆ ಮಲಗಿಸಿಕೊಳ್ಳಿ. ಒಂದು ಕ್ಷಣವೂ ಬಿಟ್ಟು ಹೋಗಬೇಡಿ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ.

ದಿಂಬು ಒತ್ತರಿಸಿ ಕೂರಿಸುವುದರಿಂದ ಕೂರುವುದು ಬೇಗ ಬಾರದು. ವಾಕರ್ ಅಂತೂ ಬೇಡವೇ ಬೇಡ. ಅದರಲ್ಲಿ ಮಗು ಬೆರಳ ತುದಿಯಿಂದ ತಳ್ಳುವುದನ್ನು ಕಲಿಯುತ್ತದೆ, ಸಮತೋಲನ ಕಲಿಯುವುದಿಲ್ಲ. ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟಾಗುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು.

ಈಗ ‘ಹೇಗೆ’ ಎಂಬುದರ ಮಾತು. ನಾಲ್ಕು ತಿಂಗಳಾದರೂ ಹೆಬ್ಬೆರಳು ಒಳಗಿಟ್ಟ ಮುಷ್ಟಿ ಬಿಡದಿರುವುದು, ಬೆನ್ನು ಬಿಲ್ಲಿನಂತೆ ಸೆಟೆಸಿ ಮಗುಚುವುದು, ಎತ್ತಿದಾಗ ಕಾಲು ಕತ್ತರಿಯಂತೆ ಹೆಣೆದುಕೊಳ್ಳುವುದು, ಸದಾ ಒಂದೇ ಪಕ್ಕಕ್ಕೆ ಹೊರಳುವುದು: ಇವು ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುವ ಮಗುವನ್ನು ‘ಎಡಚ’ ಎಂದು ಸುಮ್ಮನಾಗುತ್ತಾರೆ. ಇನ್ನೊಂದು ಕೈಯಲ್ಲಿ ಬಲ ಕಡಿಮೆ ಇರಬಹುದು. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಬಂದ ವಿದ್ಯೆ ಯಾವ ವಯಸ್ಸಿನಲ್ಲೇ ಆಗಲಿ ಮರೆತುಹೋದರೆ, ಒಂದು ವಾರವೂ ಕಾಯಬೇಡಿ.

ಕಿವಿಯ ವಿಷಯದಲ್ಲಿ ಮನೆಯವರು ಮೋಸಹೋಗುವುದು ಹೆಚ್ಚು. ಕೇಳಿಸದ ಮಗುವೂ ಮೊದಲ ತಿಂಗಳುಗಳಲ್ಲಿ ‘ಆ’, ‘ಊ’ ಎನ್ನುತ್ತದೆ. ಒಂಬತ್ತು ತಿಂಗಳಿಗೂ ‘ಬಬಬ’, ‘ದದದ’ ಬರದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಶಬ್ದಕ್ಕೆ ಕಿವಿಯ ನರ, ಮಿದುಳು ಸ್ಪಂದಿಸುತ್ತವೆಯೇ ಎಂದು ನೋಡುವ ಬೇರಾ (BERA) ಪರೀಕ್ಷೆ ಮಾಡಿಸಿ. ಮಗು ಮಲಗಿದ್ದಾಗಲೇ, ನೋವಿಲ್ಲದೆ ಮುಗಿಯುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ. ಉಳಿದ ಅನುಮಾನಗಳಿಗೆ ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡಿಕೊಳ್ಳುವ ಡಿಇಐಸಿ (DEIC) ಘಟಕ ಎಲ್ಲಿದೆ ಎಂದು ಕೇಳಿ. ಹೋಗುವಾಗ ತಾಯಿ ಕಾರ್ಡ್ ಜೊತೆಗೆ, ಮಗು ನೆಲದ ಮೇಲೆ ತನ್ನಷ್ಟಕ್ಕೆ ಆಡುತ್ತಿರುವ ಒಂದೆರಡು ನಿಮಿಷದ ವಿಡಿಯೊ ಒಯ್ಯಿರಿ; ಹೊಸ ಜಾಗದಲ್ಲಿ ಅಳುವ ಮಗು ತೋರಿಸದ್ದನ್ನು ಅದು ವೈದ್ಯರಿಗೆ ತೋರಿಸುತ್ತದೆ.